ರಸೀದಿಯಲ್ಲಿ ಕಂಡ 40 ರೂಪಾಯಿ

ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಹೋಗಿದ್ದೆ. 'ಮನೆ ಕಂದಾಯ ಕಟ್ಟಿ ಬಾ' ಎಂದು ಅಪ್ಪ ದುಡ್ಡು ಕೊಟ್ಟು ಗ್ರಾಮ ಪಂಚಾಯಿತಿಗೆ ಕಳಿಸಿದರು. ಇಪ್ಪತ್ತು ವರ್ಷದ ನನಗೆ ಅದೇ ಮೊದಲ ಕಂದಾಯ. ಕೈಗೆ ಬಂದ ರಸೀದಿಯನ್ನು ಅಲ್ಲೇ ನಿಂತು ಓದಿದೆ. ಮನೆ ತೆರಿಗೆ 400 ರೂಪಾಯಿ. ಅದರ ಕೆಳಗೆ ಆರೋಗ್ಯ ಕರ 60, ಶಿಕ್ಷಣ ಕರ 40, ಗ್ರಂಥಾಲಯ ಕರ 24, ಭಿಕ್ಷುಕರ ಕರ 12. ಒಟ್ಟು 536 ರೂಪಾಯಿ.

ಶಿಕ್ಷಣ ಕರ ಎಂಬ ಸಾಲಿನ ಮೇಲೆ ಕಣ್ಣು ನಿಂತಿತು. ಅದಕ್ಕೊಂದು ಕಾರಣವಿತ್ತು. ನನ್ನ ತಂಗಿ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿ. ಶಾಲೆಯ ನೀರಿನ ಮೋಟರ್ ಸುಟ್ಟು ನಾಲ್ಕು ತಿಂಗಳಾಗಿತ್ತು. ಶೌಚಾಲಯವಿದೆ, ನೀರಿಲ್ಲ. ದೊಡ್ಡ ಹುಡುಗಿಯರು ಮಧ್ಯಾಹ್ನ ಮನೆಗೆ ಬಂದರೆ ಮತ್ತೆ ಶಾಲೆಗೆ ಹೋಗುತ್ತಿರಲಿಲ್ಲ. ತಂಗಿ ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

'ಅಣ್ಣಾ, ಈ 40 ರೂಪಾಯಿ ನಮ್ಮೂರ ಶಾಲೆಗೆ ಬರುತ್ತಾ?' ಎಂದು ಕರ ವಸೂಲಿ ಮಾಡುವವರನ್ನು ಕೇಳಿದೆ. 'ಕಂದಾಯ ಕಟ್ಟಿಸ್ಕೊಳ್ಳೋದಷ್ಟೇ ನಮ್ ಕೆಲ್ಸ. ಸ್ಕೂಲಿಂದು ಹೆಡ್‌ಮಾಸ್ಟರನ್ನ ಕೇಳಮ್ಮ' ಅಂದರು. ಶಾಲೆಗೆ ಹೋಗಿ ನನಗೂ ಪಾಠ ಹೇಳಿದ್ದ ಮೇಷ್ಟ್ರನ್ನು ಕೇಳಿದೆ. 'ಕರದ ವಿಚಾರ ಪಂಚಾಯಿತಿಯವರನ್ನೇ ಕೇಳಬೇಕಮ್ಮ. ನಮಗೆ ಬರೋದು ಇಲಾಖೆ ಅನುದಾನ ಮಾತ್ರ' ಅಂದರು.

ಇಬ್ಬರೂ ಸುಳ್ಳು ಹೇಳಲಿಲ್ಲ. ಆದರೆ ಈ ಎರಡು ಉತ್ತರಗಳ ನಡುವಿನ ಅರ್ಧ ಕಿಲೋಮೀಟರಿನಲ್ಲೇ ನಮ್ಮ ಹಳ್ಳಿ ಶಾಲೆಗಳ ಆಡಳಿತ ಸಿಕ್ಕಿಕೊಂಡಿದೆ ಎಂದು ನನಗನ್ನಿಸಿತು. ತೆರಿಗೆ ನಿರ್ಧರಿಸುವವರಿಗೆ ಶಾಲೆಯ ಹೊಣೆಯಿಲ್ಲ. ಶಾಲೆ ನೋಡಿಕೊಳ್ಳಬೇಕಾದ ಸಮಿತಿಗೆ ತನ್ನದೆನ್ನುವ ದುಡ್ಡಿಲ್ಲ.

ಕಾನೂನಿನಲ್ಲಿ ಏನಿದೆ?

ಪಿಡಿಒ ಪರೀಕ್ಷೆಗೆ ಓದುತ್ತಿರುವ ನನ್ನ ಚಿಕ್ಕಪ್ಪನ ಮಗಳಿಗೆ ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳೂ ಬಾಯಿಪಾಠ. 73ನೇ ತಿದ್ದುಪಡಿಯ ಮೂಲಕ 1993ರಲ್ಲಿ ಜಾರಿಗೆ ಬಂದ ಈ ಪಟ್ಟಿಯಲ್ಲಿ 17ನೆಯದು ಪ್ರಾಥಮಿಕ ಮತ್ತು ಪ್ರೌಢಶಾಲೆಗಳೂ ಸೇರಿದಂತೆ ಶಿಕ್ಷಣ. ಅಂದರೆ ಶಾಲೆ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯ. 'ಪ್ರಶ್ನೆಪತ್ರಿಕೆಯಲ್ಲಿ ಬಂದರೆ ಒಂದು ಅಂಕ, ಊರಲ್ಲಿ ಕೇಳಿದರೆ ಸೊನ್ನೆ' ಎಂದು ಅವಳೇ ನಕ್ಕಳು.

1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣ ಕಟ್ಟಡಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿದೆ. ಇತ್ತ ಶಾಲೆಗೆ ಬೇರೆಯೇ ಸಮಿತಿ ಇದೆ. ರಾಜ್ಯದಲ್ಲಿ 2001ರಲ್ಲೇ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಹುಟ್ಟಿತು. 2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡಿತು. ಅದರ 21ನೇ ಪ್ರಕರಣದ ಪ್ರಕಾರ ಸದಸ್ಯರಲ್ಲಿ ನಾಲ್ಕನೇ ಮೂರು ಭಾಗ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಗೆ ಬಂದ ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದು ಸಮಿತಿಯ ಕೆಲಸ.

ನನಗೆ ಹೆಚ್ಚು ಮುಖ್ಯವೆನಿಸಿದ್ದು 22ನೇ ಪ್ರಕರಣ. ಸಮಿತಿಯು ಶಾಲಾ ಅಭಿವೃದ್ಧಿ ಯೋಜನೆ ಸಿದ್ಧಪಡಿಸಬೇಕು. ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕು ಎನ್ನುತ್ತದೆ ಅದು. ಅರ್ಧ ಕಿಲೋಮೀಟರಿನ ದಾರಿಗೆ ಕಾನೂನು ಸೇತುವೆ ಹಾಕಿಯೇ ಇದೆ. ಅದರ ಮೇಲೆ ಓಡಾಡುವವರಿಲ್ಲ ಅಷ್ಟೆ.

ದಿನಕ್ಕೆ 114 ರೂಪಾಯಿಯ ಶಾಲೆ

ನಾನು ಓದುವುದು ಎಂಜಿನಿಯರಿಂಗ್, ಹಾಗಾಗಿ ಲೆಕ್ಕ ಹಾಕದೆ ಇರಲಾಗಲಿಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಗೆ ವರ್ಷಕ್ಕೊಮ್ಮೆ ಸಂಯುಕ್ತ ಶಾಲಾ ಅನುದಾನ ಬರುತ್ತದೆ. ಅದನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಭರಿಸುತ್ತವೆ. ಮಕ್ಕಳ ಸಂಖ್ಯೆ 30ರವರೆಗೆ ಇದ್ದರೆ 10 ಸಾವಿರ, 31ರಿಂದ 100ರವರೆಗೆ 25 ಸಾವಿರ, 101ರಿಂದ 250ರವರೆಗೆ 50 ಸಾವಿರ ರೂಪಾಯಿ. ನಮ್ಮೂರ ಶಾಲೆಯಲ್ಲಿ 84 ಮಕ್ಕಳು. ಹಾಗಾಗಿ 25 ಸಾವಿರ. 220 ಶಾಲಾ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 114 ರೂಪಾಯಿ.

ಸೀಮೆಸುಣ್ಣ, ರಿಜಿಸ್ಟರು, ಪೊರಕೆ, ಫಿನಾಯಿಲ್, ಒಡೆದ ಕಿಟಕಿ, ಕೆಟ್ಟ ಫ್ಯಾನು ಎಲ್ಲವೂ ಇದರಲ್ಲೇ ಆಗಬೇಕು. ಕನಿಷ್ಠ ಹತ್ತರಲ್ಲಿ ಒಂದು ಪಾಲು ಸ್ವಚ್ಛತೆಗೆ ಮೀಸಲು. ಅಂದರೆ 2,500 ರೂಪಾಯಿ. ಮೋಟರ್ ರಿಪೇರಿಯವನು ಹೇಳಿದ ಮೊತ್ತ 6,500. ಮೇಷ್ಟ್ರು ಸೋಮಾರಿಯೂ ಅಲ್ಲ, ಕಳ್ಳರೂ ಅಲ್ಲ. ಅವರ ಲೆಕ್ಕದಲ್ಲಿ ಆ ಮೋಟರಿಗೆ ಜಾಗವಿರಲಿಲ್ಲ.

ಪಂಚಾಯಿತಿಯಲ್ಲಿ ಜಾಗವಿತ್ತು. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ 40ರಷ್ಟನ್ನು ಸಂಬಳ ಮತ್ತು ಕಚೇರಿ ವೆಚ್ಚ ಬಿಟ್ಟು ಸ್ಥಳೀಯ ಅಗತ್ಯಕ್ಕೆ ಬಳಸಬಹುದಿತ್ತು. ಶಾಲೆಯ ಶೌಚಾಲಯಕ್ಕೆ ನೀರು ಎಂಬುದು ನೀರೂ ಹೌದು, ನೈರ್ಮಲ್ಯವೂ ಹೌದು. ಉದ್ಯೋಗ ಖಾತ್ರಿಯಲ್ಲಿ ರಾಜ್ಯದ ಎಷ್ಟೋ ಶಾಲೆಗಳಿಗೆ ಕಾಂಪೌಂಡು, ಆಟದ ಮೈದಾನ ಆಗಿವೆ. ಆದದ್ದು ಹೇಗೆ ಎಂದರೆ, ಯಾರೋ ಕೇಳಿದರು, ಕ್ರಿಯಾ ಯೋಜನೆಯಲ್ಲಿ ಒಂದು ಸಾಲು ಸೇರಿತು.

ನಮ್ಮೂರಲ್ಲಿ ಯಾಕೆ ಯಾರೂ ಕೇಳಲಿಲ್ಲ? ಎಸ್‌ಡಿಎಂಸಿ ಸದಸ್ಯರ ಪಟ್ಟಿ ನೋಡಿದೆ. ಅದರಲ್ಲಿ ನನ್ನ ಅಮ್ಮನ ಹೆಸರಿತ್ತು!

'ಹೌದು ಕಣೆ, ಪುಸ್ತಕ ಮನೇಗೇ ಕಳಿಸ್ತಾರೆ, ಸೈನ್ ಹಾಕ್ತೀನಿ' ಅಂದಳು ಅಮ್ಮ, ಕಡಲೆಕಾಯಿ ಬಿಡಿಸುತ್ತಾ. ಸಭೆ ನಡೆಯುವುದು ಹಗಲು ಹೊತ್ತು. ಹೋದರೆ ಆ ದಿನದ ಕೂಲಿ ಹೋಯಿತು. ಪೋಷಕರಿಗೆ ನಾಲ್ಕನೇ ಮೂರು ಭಾಗ ಸ್ಥಾನ ಕೊಟ್ಟ ಕಾನೂನು ಆ ಪೋಷಕರು ಯಾರು ಎಂದು ಯೋಚಿಸಿದಂತಿಲ್ಲ. ಪಂಚಾಯಿತಿಯಲ್ಲಿ ಮೇಜು ಕುಟ್ಟಿ ಮಾತಾಡಬಲ್ಲವರ ಮಕ್ಕಳು ಹಳದಿ ಬಸ್ಸು ಹತ್ತಿ ಪಟ್ಟಣದ ಶಾಲೆಗೆ ಹೋಗುತ್ತಾರೆ. ಸಮಿತಿಯಲ್ಲಿ ಉಳಿಯುವುದು ಕೂಲಿ ಬಿಟ್ಟು ಬರಲಾಗದವರು.

ಅಮೆರಿಕದ ಪಾಠ

ಹಾಗಾದರೆ ಊರಿನ ಮನೆ ಕಂದಾಯವನ್ನು ನೇರವಾಗಿ ಊರ ಶಾಲೆಗೇ ಕೊಟ್ಟುಬಿಟ್ಟರೆ? ಮೊದಲು ನನಗೂ ಹಾಗೇ ಅನ್ನಿಸಿತ್ತು. ಅಮೆರಿಕದಲ್ಲಿ ಬಹುಮಟ್ಟಿಗೆ ಇರುವುದು ಇಂಥದೇ ವ್ಯವಸ್ಥೆ. ಅಲ್ಲಿ ಸುಮಾರು 13 ಸಾವಿರ ಶಾಲಾ ಜಿಲ್ಲೆಗಳಿವೆ. ಹೆಚ್ಚಿನವಕ್ಕೆ ಜನರೇ ಆರಿಸಿದ ಶಾಲಾ ಮಂಡಳಿಯಿದೆ. ಮಂಡಳಿ ಬಹಿರಂಗ ಸಭೆಯಲ್ಲಿ ಬಜೆಟ್ ಮಂಡಿಸುತ್ತದೆ, ಆಸ್ತಿ ತೆರಿಗೆಯ ದೊಡ್ಡ ಪಾಲು ಶಾಲೆಗೆ ಹೋಗುತ್ತದೆ. ಮಂಡಳಿ ಸರಿಯಿಲ್ಲವೆಂದರೆ ಜನ ಮುಂದಿನ ಚುನಾವಣೆಯಲ್ಲಿ ಬದಲಿಸುತ್ತಾರೆ. ತೆರಿಗೆ ಕಟ್ಟಿದವನು ಲೆಕ್ಕ ಕೇಳುವ ಜಾಗ ಅಲ್ಲಿ ಸ್ಪಷ್ಟವಾಗಿದೆ.

ಆದರೆ ಅದರ ಇನ್ನೊಂದು ಮುಖ ಕಟುವಾದದ್ದು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ನಗರದಲ್ಲಿ ಎಜ್‌ವುಡ್ ಎಂಬುದು ಬಡವರ ಶಾಲಾ ಜಿಲ್ಲೆ, ಅಲಾಮೊ ಹೈಟ್ಸ್ ಸಿರಿವಂತರದ್ದು. 1967-68ರಲ್ಲಿ ಎಜ್‌ವುಡ್‌ನ ಜನ ನೂರು ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಕಟ್ಟಿದರು. ಅಲಾಮೊ ಹೈಟ್ಸ್‌ನವರು ಕಟ್ಟಿದ್ದು ಬರೀ 85 ಸೆಂಟ್. ಆದರೂ ಸ್ಥಳೀಯ ತೆರಿಗೆಯಿಂದ ಎಜ್‌ವುಡ್‌ನ ಒಂದು ಮಗುವಿಗೆ ಸಿಕ್ಕಿದ್ದು 26 ಡಾಲರ್, ಅಲಾಮೊ ಹೈಟ್ಸ್‌ನ ಮಗುವಿಗೆ 333 ಡಾಲರ್. ಹೆಚ್ಚು ದರದಲ್ಲಿ ಕಟ್ಟಿದವರ ಮಕ್ಕಳಿಗೇ ಕಡಿಮೆ! ಏಕೆಂದರೆ ಬಡವರ ಮನೆಗಳಿಗೆ ಬೆಲೆಯೇ ಇಲ್ಲ. ಡೆಮೆಟ್ರಿಯೊ ರೋಡ್ರಿಗಸ್ ಎಂಬ ತಗಡಿನ ಕೆಲಸಗಾರ ಮತ್ತಿತರ ಪೋಷಕರು ಕೋರ್ಟಿಗೆ ಹೋದರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ 5-4ರ ಅಂತರದಲ್ಲಿ ಸೋತರು.

ಇದನ್ನು ನಮಗೆ ಅನ್ವಯಿಸಿ ನೋಡಿ. ಬೆಂಗಳೂರಿನ ಅಂಚಿನ, ಬಡಾವಣೆಗಳು ಎದ್ದಿರುವ ಪಂಚಾಯಿತಿಗೂ ಬಯಲುಸೀಮೆಯ ನಮ್ಮ ಪಂಚಾಯಿತಿಗೂ ಕಂದಾಯದಲ್ಲಿ ಅಜಗಜಾಂತರ. ಊರ ತೆರಿಗೆಯಲ್ಲೇ ಶಾಲೆ ನಡೆಯಲಿ ಎಂದರೆ ನಮ್ಮ ಮಕ್ಕಳಿಗೆ ಎಜ್‌ವುಡ್‌ನ ಗತಿಯೇ. ಮೇಷ್ಟ್ರ ಸಂಬಳ, ಕಟ್ಟಡ, ಪಠ್ಯಪುಸ್ತಕ, ಬಿಸಿಯೂಟದ ಖರ್ಚು ಸರ್ಕಾರದ್ದೇ ಆಗಿರಬೇಕು. ಅದರಲ್ಲಿ ನನಗೆ ಅನುಮಾನವಿಲ್ಲ. ನಾವು ಅಮೆರಿಕದಿಂದ ತರಬೇಕಾದದ್ದು ಅವರ ತೆರಿಗೆಯನ್ನಲ್ಲ, ಲೆಕ್ಕ ಕೇಳುವ ಜಾಗವನ್ನು. ಆ ಜಾಗಕ್ಕೆ ನಮ್ಮಲ್ಲಿ ಈಗಾಗಲೇ ಒಂದು ಹೆಸರಿದೆ: ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು.

ನಮ್ಮದೇ ಮನೆಯ ಲೆಕ್ಕ

ಇಷ್ಟೆಲ್ಲ ಅಪ್ಪನ ಮುಂದೆ ಒದರಿದಾಗ ಅವರು ಸುಮ್ಮನೆ ಕೇಳಿಸಿಕೊಂಡು ಒಂದು ಮಾತು ಹೇಳಿದರು: 'ಮುಂದಿನ ಮಳಿಗೆ ಎರಡೂ ಆ ಕಂದಾಯದಲ್ಲಿ ಬಂದಿಲ್ಲ, ಗೊತ್ತಾ ನಿಂಗೆ?'

ಗೊತ್ತಿರಲಿಲ್ಲ. ಐದು ವರ್ಷದ ಹಿಂದೆ ಮನೆ ಮುಂದೆ ಎರಡು ಆರ್‌ಸಿಸಿ ಮಳಿಗೆ ಕಟ್ಟಿಸಿದ್ದೆವು. ಒಂದರಲ್ಲಿ ಅಪ್ಪನ ಅಂಗಡಿ, ಇನ್ನೊಂದು ಬಾಡಿಗೆಗೆ. ಪಂಚಾಯಿತಿಯ ಪುಸ್ತಕದಲ್ಲಿ ಮಾತ್ರ ನಮ್ಮದಿನ್ನೂ ಹಳೆಯ ಹೆಂಚಿನ ಮನೆ. ಬೀದಿಯಲ್ಲಿ ನಮ್ಮೊಬ್ಬರ ಕತೆ ಮಾತ್ರ ಇದಲ್ಲ. ಹೊಸದಾಗಿ ಅಳತೆ ಮಾಡಿಸಿ ಎಂದು ಯಾವ ಸದಸ್ಯನೂ ಹೇಳುವುದಿಲ್ಲ, ಹೇಳಿದರೆ ವೋಟು ಹೋಗುತ್ತದೆ. 'ಕಟ್ಟಿ ಏನು ಸಿಗುತ್ತೆ?' ಎಂದು ಜನ ಕಟ್ಟುವುದಿಲ್ಲ. 'ಕಟ್ಟದವರು ಕೇಳೋದೇನು?' ಎಂದು ಪಂಚಾಯಿತಿ ಲೆಕ್ಕ ಹೇಳುವುದಿಲ್ಲ. ಈ ಗಂಟನ್ನು ಯಾರಾದರೂ ಒಂದು ಕಡೆಯಿಂದ ಬಿಚ್ಚಬೇಕು.

ನಮ್ಮೂರಲ್ಲಿ ಅದನ್ನು ಮೊದಲು ಮುಟ್ಟಿದ್ದು ಅಮ್ಮಂದಿರು. ಮೇಷ್ಟ್ರನ್ನು ಒಪ್ಪಿಸಿ ಎಸ್‌ಡಿಎಂಸಿ ಸಭೆಯನ್ನು ಒಂದು ಭಾನುವಾರ ಸಂಜೆಗೆ ಇಟ್ಟುಕೊಂಡರು. ಅಮ್ಮ ಮೊದಲ ಸಲ ಸಭೆಯಲ್ಲಿ ಕೂತು ಸಹಿ ಹಾಕಿದಳು. ಶಾಲಾ ಅಭಿವೃದ್ಧಿ ಯೋಜನೆಯ ಹಾಳೆಯಲ್ಲಿ ಮೂರೇ ಸಾಲು: ಮೋಟರ್, ಶೌಚಾಲಯದ ಮೇಲೊಂದು ನೀರಿನ ಟ್ಯಾಂಕು, ಗಣಿತಕ್ಕೊಬ್ಬರು ಮೇಷ್ಟ್ರು. ಅದರ ಪ್ರತಿಯನ್ನು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆದರು. ಗ್ರಾಮಸಭೆಯಲ್ಲಿ ಅಮ್ಮ ಎದ್ದು ನಿಂತಳು. ಬರೆದುಕೊಟ್ಟ ಚೀಟಿ ಕೈಯಲ್ಲೇ ಉಳಿಯಿತು. 'ನಮ್ ಹುಡ್ಗೀರು ನೀರು ಕುಡಿಯೋದೇ ಬಿಟ್ಟವ್ರೆ ಸ್ವಾಮಿ' ಎಂದಷ್ಟೇ ಹೇಳಿ ಕೂತಳು. ಪಿಡಿಒ ಬರೆದುಕೊಂಡರು. ನೈರ್ಮಲ್ಯದ ಬಾಬ್ತಿನಲ್ಲಿ ಮೋಟರ್ ಮತ್ತು ಟ್ಯಾಂಕು ಕ್ರಿಯಾ ಯೋಜನೆಗೆ ಸೇರಿದವು.

ನೀರು ಬರಲು ಮತ್ತೂ ಮೂರು ತಿಂಗಳು ಹಿಡಿಯಿತು. ಗಣಿತದ ಮೇಷ್ಟ್ರು ಇನ್ನೂ ಬಂದಿಲ್ಲ. ಅದು ಪಂಚಾಯಿತಿಯ ಕೈಯಲ್ಲೂ ಇಲ್ಲ, ಸಮಿತಿಯ ಕೈಯಲ್ಲೂ ಇಲ್ಲ. ಸ್ಥಳೀಯ ಆಡಳಿತದಿಂದ ಎಲ್ಲವೂ ಆಗುತ್ತದೆ ಎಂದು ಹೇಳುವ ಹುಮ್ಮಸ್ಸು ನನಗಿಲ್ಲ. ಆಗುವುದೂ ಆಗದೆ ಕೂತಿತ್ತಲ್ಲ, ಅದೇ ನನ್ನ ಕೊರಗು.

ಮಾಡಲು ಮೂರು ಕೆಲಸಗಳಿವೆ, ಮೂರಕ್ಕೂ ಹೊಸ ಕಾನೂನು ಬೇಡ. ವರ್ಷದಲ್ಲಿ ಎಷ್ಟು ಶಿಕ್ಷಣ ಕರ ಸಂಗ್ರಹವಾಯಿತು, ಅದು ಎಲ್ಲಿಗೆ ಹೋಯಿತು ಎಂದು ಪಂಚಾಯಿತಿ ಮತ್ತು ಶಾಲೆ ಎರಡರ ಗೋಡೆಯ ಮೇಲೂ ಬರೆಸಲಿ. ಪ್ರತಿ ಶಾಲೆಯ ಅಭಿವೃದ್ಧಿ ಯೋಜನೆಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಎಸ್‌ಡಿಎಂಸಿ ಸಭೆಗಳು ಕೂಲಿ ಮಾಡುವವರಿಗೆ ಆಗುವ ಹೊತ್ತಿನಲ್ಲಿ ನಡೆಯಲಿ.

ನಾವು, ಅಂದರೆ ಹಾಸ್ಟೆಲುಗಳಲ್ಲಿ ಓದುವವರು, ಪರೀಕ್ಷೆಗೆಂದು ಪಂಚಾಯತ್ ರಾಜ್ ಉರು ಹೊಡೆಯುವವರು, ಬಹುಪಾಲು ಇಂಥ ಶಾಲೆಗಳಿಂದಲೇ ಬಂದವರು. ಅಮ್ಮನಂಥವರಿಗೆ ಬೇಕಿದ್ದದ್ದು ಕಾನೂನನ್ನು ಓದಿ ಹೇಳುವ ಒಬ್ಬರು, ಅರ್ಜಿ ಬರೆದುಕೊಡುವ ಒಬ್ಬರು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಮನೆಯ ಕಂದಾಯದ ರಸೀದಿ ಹುಡುಕಿ ಓದಿ. ಶಾಲೆಗೆ ಹೋಗಿ ಎಸ್‌ಡಿಎಂಸಿ ಸದಸ್ಯರು ಯಾರೆಂದು ಕೇಳಿ. ನಿಮ್ಮ ಮನೆಯವರೇ ಇರಬಹುದು.

ಅಪ್ಪ ಈ ವರ್ಷ ಮಳಿಗೆಗಳ ಅಳತೆ ಮಾಡಿಸಿದರು. ಗೊಣಗುತ್ತಲೇ ಮಾಡಿಸಿದರು ಅನ್ನಿ. ತೆರಿಗೆ 650ಕ್ಕೆ ಏರಿದೆ, ಶಿಕ್ಷಣ ಕರ 65 ಆಗಿದೆ. ರಸೀದಿಯ ಫೋಟೊ ತೆಗೆದು ನನಗೆ ವಾಟ್ಸ್‌ಆ್ಯಪ್ ಮಾಡಿದ್ದಾರೆ. ಕೆಳಗೆ ಒಂದೇ ಸಾಲು: 'ಮುಂದಿನ ಗ್ರಾಮಸಭೆ ಯಾವತ್ತು ಅಂತ ಅಮ್ಮ ಕೇಳ್ತಿದ್ದಾಳೆ.'