ಬೀಗವಿಲ್ಲದ ಪೆನ್‌ಡ್ರೈವ್: ಬೀದಿಗೆ ಬೀಳುವುದು ಯಾರ ಬದುಕು?

ಪಡಿತರ ಚೀಟಿಗೆ, ಸಾಲಕ್ಕೆ, ಮಗುವಿನ ಶಾಲೆಗೆ ಅಂತ ಆಧಾರ್, ಪಾಸ್‌ಬುಕ್, ಜಾತಿ ಪ್ರಮಾಣಪತ್ರ ಎಲ್ಲವನ್ನೂ ಕೊಟ್ಟು ಕೈಮುಗಿದು ಬರುತ್ತೇವೆ. ಆಮೇಲೆ ಅವು ಎಲ್ಲಿಗೆ ಹೋಗುತ್ತವೆ? ಕೇಳಿದವರುಂಟೇ? ಎಷ್ಟೋ ಕಡೆ ಯಾರದೋ ಷರ್ಟಿನ ಜೇಬಿನ ಪೆನ್‌ಡ್ರೈವಿಗೆ! ಹೆಬ್ಬೆರಳಿನಷ್ಟಿರುವ ಆ ಕಡ್ಡಿ ಬಸ್ಸಿನಲ್ಲಿ ಬಿದ್ದುಹೋದರೆ ಗತಿಯೇನು?

ಕೈಜಾರಿ ಕಳೆಯುವುದು ಮನುಷ್ಯ ಸಹಜ. ಬೀಗ ಹಾಕದೆ ಒಯ್ದು ಕಳೆಯುವುದು ಮಾತ್ರ ಹೊಣೆಗೇಡಿತನ!

2017ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ನೌಕರರೊಬ್ಬರ ಪೆನ್‌ಡ್ರೈವ್ ದಾರಿಹೋಕನ ಕೈಗೆ ಸಿಕ್ಕಿತು. ಆತ ಅದನ್ನು ಗ್ರಂಥಾಲಯದ ಕಂಪ್ಯೂಟರಿಗೆ ಹಾಕಿದ್ದೇ ತಡ, ಸಾವಿರಕ್ಕೂ ಹೆಚ್ಚು ಫೈಲುಗಳು ತೆರೆದುಕೊಂಡವು. ಪಾಸ್‌ವರ್ಡ್ ಇಲ್ಲ, ಎನ್‌ಕ್ರಿಪ್ಷನ್ ಇಲ್ಲ. ಭದ್ರತಾ ಸಿಬ್ಬಂದಿಯ ವಿವರವೂ ಅದರಲ್ಲಿತ್ತು! ತನಿಖೆಯಲ್ಲಿ ಹೊರಬಿದ್ದದ್ದೇನು? 6,500 ನೌಕರರಲ್ಲಿ ದತ್ತಾಂಶ ರಕ್ಷಣೆಯ ತರಬೇತಿ ಪಡೆದವರು ಶೇ. 2 ಮಾತ್ರ. 2018ರಲ್ಲಿ ನಿಲ್ದಾಣಕ್ಕೆ 1,20,000 ಪೌಂಡ್ ದಂಡ ಬಿತ್ತು.

ಈಗ ಜಪಾನಿನ ಅಮಾಗಸಾಕಿ ನಗರದ ಕಥೆ ಕೇಳಿ. 2022ರ ಜೂನ್‌ನಲ್ಲಿ ನಗರಾಡಳಿತದ ಗುತ್ತಿಗೆ ಕೆಲಸದವನೊಬ್ಬ ಕುಡಿದು ಬೀದಿಯಲ್ಲೇ ಮಲಗಿಬಿಟ್ಟ. ಎದ್ದಾಗ ಚೀಲವಿಲ್ಲ! ಅದರೊಳಗಿನ ಪೆನ್‌ಡ್ರೈವಿನಲ್ಲಿ ಊರಿನ ಸುಮಾರು 4,60,000 ಜನರ ಹೆಸರು, ವಿಳಾಸ, ಹುಟ್ಟಿದ ದಿನ. ಕೆಲವು ಕುಟುಂಬಗಳ ಬ್ಯಾಂಕ್ ಖಾತೆ ಸಂಖ್ಯೆ ಕೂಡ. ಕೆಲಸ ಮುಗಿದ ಮೇಲೂ ಅದನ್ನು ಅಳಿಸಿರಲಿಲ್ಲ. ಆದರೆ ಅದು ಎನ್‌ಕ್ರಿಪ್ಟ್ ಆಗಿತ್ತು. ಕೆಲವೇ ದಿನಗಳಲ್ಲಿ ಚೀಲ ಸಿಕ್ಕಿತು, ಊರು ಉಸಿರು ಬಿಟ್ಟಿತು. ಅಷ್ಟರಲ್ಲೇ ಅಧಿಕಾರಿಗಳು ಪತ್ರಿಕಾಗೋಷ್ಠಿಯಲ್ಲಿ ಪಾಸ್‌ವರ್ಡಿಗೆ 13 ಅಕ್ಷರ ಎಂದು ಬಾಯಿಬಿಟ್ಟಿದ್ದರು! ಬೀಗ ಹಾಕಿ, ಕೀಲಿಯ ಅಳತೆಯನ್ನು ಸಂತೆಯಲ್ಲಿ ಸಾರಿದ ಬುದ್ಧಿವಂತರು!

ಎರಡೂ ಕಡೆ ತಪ್ಪು ಒಂದೇ. ಜನರನ್ನು ಕಾಪಾಡಿದ್ದು ಬೀಗ.

ಆ ಬೀಗವೇನು ಚಿನ್ನದ್ದೇ? ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಇದೆ. ವೆರಾಕ್ರಿಪ್ಟ್ ಪುಕ್ಕಟೆ ಸಿಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ ಪಾಸ್‌ವರ್ಡ್ ಮಾಡಿ, ಅದನ್ನು ಪೆನ್‌ಡ್ರೈವಿಗೇ ಚೀಟಿ ಅಂಟಿಸಿ ಬರೆಯಬೇಡಿ! ಡಿಲೀಟ್ ಒತ್ತಿದರೆ ಎಲ್ಲ ಹೋಯಿತೆಂಬ ಭ್ರಮೆಯೂ ಬೇಡ. ಪಟ್ಟಿಯಿಂದ ಹೆಸರು ಹೋಗುತ್ತದೆ, ಒಳಗಿನ ಸರಕು ಬಹುಪಾಲು ಅಲ್ಲೇ ಇರುತ್ತದೆ. ಬಲ್ಲವರು ಅದನ್ನು ಮತ್ತೆ ಎತ್ತುತ್ತಾರೆ. ಪ್ರಿಂಟ್ ಅಂಗಡಿಗೆ ಹೋಗುವಾಗ ಬೇಕಾದ ಒಂದು ಫೈಲ್ ಮಾತ್ರ ಇರುವ ಬೇರೆ ಪೆನ್‌ಡ್ರೈವ್ ಒಯ್ಯಿರಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಮಾಹಿತಿ ಕಾಯದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಎಂದು ಬರೆದಿದೆ. ಸಂತೋಷ. ಆದರೆ ಬೀದಿಪಾಲಾದ ಖಾತೆ ಸಂಖ್ಯೆಯನ್ನು ಯಾವ ದಂಡ ಮರಳಿ ತರುತ್ತದೆ?

ನಮ್ಮ ಒತ್ತಾಯ ಇಷ್ಟೇ: ಜನರ ಮಾಹಿತಿ ಇರುವ ಯಾವ ಪೆನ್‌ಡ್ರೈವೂ ಬೀಗವಿಲ್ಲದೆ ಕಚೇರಿಯ ಹೊಸ್ತಿಲು ದಾಟಕೂಡದು. ಬಂಧುಗಳೇ, ಮುಂದಿನ ಸಲ ಕಾಗದ ಕೊಡುವಾಗ ಕೌಂಟರಿನಲ್ಲಿ ನಿಂತು ಕೇಳಿ: "ಸ್ವಾಮೀ, ಇದನ್ನು ಎಲ್ಲಿಡುತ್ತೀರಿ? ಬೀಗ ಇದೆಯೇ?" ಕೇಳುವುದು ನಮ್ಮ ಹಕ್ಕು. ಉತ್ತರ ಕೊಡುವುದು ಅವರ ಕರ್ತವ್ಯ!