ಕಾನಿ ಕಾನ್ವರ್ಸ್ ಹಾಡಿದ ಹತ್ತು ವರ್ಷ

ಕಾನಿ ಕಾನ್ವರ್ಸ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕೊನೆಯಿಂದ ಶುರು ಮಾಡುತ್ತಾರೆ. 1974ರ ಆಗಸ್ಟ್ ತಿಂಗಳು, ಆಗಷ್ಟೇ ಐವತ್ತು ತುಂಬಿದ ಹೆಂಗಸು, ಬಂಧುಮಿತ್ರರಿಗೆ ಬರೆದ ವಿದಾಯದ ಕಾಗದಗಳು, ಸಾಮಾನು ತುಂಬಿಕೊಂಡು ಹೊರಟ ಫೋಕ್ಸ್‌ವ್ಯಾಗನ್ ಬೀಟಲ್ ಕಾರು, ಆಮೇಲೆ ಸುದ್ದಿಯೇ ಇಲ್ಲ. ಇಂಥ ಕಥೆ ಕೈಗೆ ಸಿಕ್ಕರೆ ಬಿಡುವ ಮನಸ್ಸು ಯಾರಿಗೆ ಬಂದೀತು? ಆದರೆ ಹೀಗೇ ಹೇಳುತ್ತ ಹೋದರೆ ಆಕೆ ಬರೀ ಕಾಣೆಯಾದವಳಾಗಿ ಉಳಿದುಬಿಡುತ್ತಾಳೆ, ಹಾಡು ಕಟ್ಟಿದವಳು ಹಿಂದೆ ಸರಿಯುತ್ತಾಳೆ. ಗಿಟಾರ್ ಹಿಡಿದು ತನ್ನದೇ ಮಾತಿಗೆ ತನ್ನದೇ ಧಾಟಿ ಕೂಡಿಸಿ ಹಾಡುವವರು ಇವತ್ತು ಯಾವ ಊರಿಗೆ ಹೋದರೂ ಸಿಗುತ್ತಾರೆ. ಅದೊಂದು ದಾರಿ ಎಂದು ಯಾರಿಗೂ ಹೊಳೆಯದಿದ್ದ ಕಾಲದಲ್ಲಿ, ಯಾವ ಕಂಪನಿಯ ಆಸರೆಯೂ ಇಲ್ಲದೆ ಸುಮಾರು ಹತ್ತು ವರ್ಷ ಆ ಕೆಲಸ ಮಾಡಿದವಳು ಕಾನಿ. ಈ ಸಲದ ಸಂಪಾದಕರ ಮಾತು ಆ ಹತ್ತು ವರ್ಷಗಳ ಬಗ್ಗೆ.

ಎಲಿಜಬೆತ್ ಈಟನ್ ಕಾನ್ವರ್ಸ್ ಹುಟ್ಟಿದ್ದು 1924ರ ಆಗಸ್ಟ್ 3ರಂದು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಲಕೋನಿಯಾದಲ್ಲಿ. ಬೆಳೆದದ್ದು ಅದೇ ರಾಜ್ಯದ ರಾಜಧಾನಿ ಕಾಂಕರ್ಡ್‌ನಲ್ಲಿ. ತಂದೆ ಬ್ಯಾಪ್ಟಿಸ್ಟ್ ಪಾದ್ರಿ. ಕಟ್ಟುನಿಟ್ಟಿನ ಮನೆ. ಒಬ್ಬ ಅಣ್ಣ, ಒಬ್ಬ ತಮ್ಮ, ನಡುವೆ ಇವಳು. ಹೈಸ್ಕೂಲಿನಲ್ಲಿ ತರಗತಿಗೇ ಮೊದಲಿಗಳಾಗಿ, ಬಹುಮಾನಗಳನ್ನು ಬಾಚಿಕೊಂಡು, ವಿದ್ಯಾರ್ಥಿವೇತನ ಪಡೆದು ಮ್ಯಾಸಚೂಸೆಟ್ಸ್‌ನ ಹೆಸರಾಂತ ಮೌಂಟ್ ಹೋಲ್ಯೋಕ್ ಮಹಿಳಾ ಕಾಲೇಜು ಸೇರಿದಳು. ಎರಡೇ ವರ್ಷಕ್ಕೆ ಕಾಲೇಜು ಬಿಟ್ಟು ನ್ಯೂಯಾರ್ಕಿಗೆ ಹೋದಳು.

ಅಲ್ಲಿ ಮೊದಲು ಸಿಕ್ಕಿದ ಕೆಲಸ ಹಾಡಿನದಲ್ಲ. ಏಷ್ಯಾದ ರಾಜಕಾರಣವನ್ನು ಅಭ್ಯಾಸ ಮಾಡುತ್ತಿದ್ದ ಇನ್‌ಸ್ಟಿಟ್ಯೂಟ್ ಆಫ್ ಪೆಸಿಫಿಕ್ ರಿಲೇಷನ್ಸ್ ಎಂಬ ಸಂಸ್ಥೆಯಲ್ಲಿ ಸೇರಿ, ಅದರ ಪತ್ರಿಕೆಗೆ ಲೇಖನ ಬರೆದಳು. ಕಮ್ಯುನಿಸ್ಟರ ಬೇಟೆಯ ದಿನಗಳು ಬಂದಾಗ ಆ ಸಂಸ್ಥೆಯೇ ಅನುಮಾನದ ಕಣ್ಣಿಗೆ ಬಿತ್ತು. ಕಾನಿ ಅಕಾಡೆಮಿ ಫೋಟೋ ಆಫ್‌ಸೆಟ್ ಎಂಬ ಮುದ್ರಣಾಲಯ ಸೇರಿದಳು. ಹಗಲೆಲ್ಲ ಅಚ್ಚುಮನೆಯ ಕೆಲಸ, ಸಂಜೆ ಗ್ರೀನಿಚ್ ವಿಲೇಜ್ ಬಡಾವಣೆಯ ಕೋಣೆಯಲ್ಲಿ ಗಿಟಾರ್. ಎಲಿಜಬೆತ್ ಹೋಗಿ ಕಾನಿ ಆದದ್ದು ಈ ಊರಿನಲ್ಲಿ. ಸಿಗರೇಟು, ಮದ್ಯ, ನಡುರಾತ್ರಿಯ ಹರಟೆ ಎಲ್ಲವೂ ಬಂದವು. ಪಾದ್ರಿಯ ಮನೆಯಲ್ಲಿ ಇದರಿಂದ ಎಷ್ಟು ನೋವಾಗಿರಬಹುದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಲ ಹೇಗಿತ್ತೆಂದು ತಿಳಿಯದೆ ಹೋದರೆ ಕಾನಿ ಮಾಡಿದ್ದು ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ. 1950ರ ಆಸುಪಾಸಿನಲ್ಲಿ ಜನಪದ ಗಾಯಕರು ಎಂದರೆ ಹಳೆಯ ಹಾಡುಗಳನ್ನು ಹಾಡುವವರು. ಬೆಟ್ಟದೂರಿನ ಲಾವಣಿ, ಹೊಲದ ಕೂಲಿಯವರ ಹಾಡು, ಗಣಿಯವರ ಹಾಡು. ಹೊಸದು ಕಟ್ಟಿದರೂ ಅದು ಮುಷ್ಕರಕ್ಕೋ ಚಳವಳಿಗೋ ಹೊಂದುವ ಹಾಡಾಗಿರುತ್ತಿತ್ತು. ಇತ್ತ ಜನಪ್ರಿಯ ಸಂಗೀತದ ಪೇಟೆಯಲ್ಲಿ ಬರೆಯುವವನು ಒಬ್ಬ, ರಾಗ ಹಾಕುವವನು ಇನ್ನೊಬ್ಬ, ಹಾಡುವವಳು ಮತ್ತೊಬ್ಬಳು. 1950ರಲ್ಲಿ ದೇಶವನ್ನೇ ಕುಣಿಸಿದ್ದ ವೀವರ್ಸ್ ಎಂಬ ಜನಪದ ಗಾಯಕರ ತಂಡ ಕೂಡ ರಾಜಕೀಯದ ಕಪ್ಪುಪಟ್ಟಿಗೆ ಸೇರಿ, ಎರಡು ಮೂರು ವರ್ಷಗಳಲ್ಲೇ ಬಾಯಿ ಕಟ್ಟಿಸಿಕೊಂಡು ಕೂತಿತ್ತು. ಈ ನಡುವೆ ಒಬ್ಬ ಹೆಂಗಸು ತನ್ನ ಒಂಟಿತನ, ತನ್ನ ಜಗಳ, ತನ್ನ ಬಯಕೆಗಳನ್ನು ತಾನೇ ಬರೆದು, ತಾನೇ ನುಡಿಸಿ, ತಾನೇ ಹಾಡುತ್ತೇನೆಂದರೆ ಆಕೆಯನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕೆಂದೇ ತಿಳಿಯದ ಪರಿಸ್ಥಿತಿ.

ಆ ಹಾಡುಗಳು ಮೊದಲ ಸಲ ಕೇಳಿದಾಗ ಸರಳ ಅನ್ನಿಸುತ್ತವೆ. 'ಟಾಕಿನ್ ಲೈಕ್ ಯೂ' ಎಂಬುದನ್ನೇ ತೆಗೆದುಕೊಳ್ಳಿ. ಎರಡು ಬೆಟ್ಟಗಳ ನಡುವಿನ ಒಂದು ಮನೆ, ಅಲ್ಲೊಬ್ಬಳು ಒಂಟಿ ಹೆಂಗಸು. ಅವಳು ತನ್ನನ್ನು ಬಿಟ್ಟುಹೋದವನಿಗೆ ಹೇಳುತ್ತಾಳೆ: ನನಗೇನೂ ಬೇಸರವಿಲ್ಲ, ಇಲ್ಲಿ ಎಲ್ಲವೂ ನಿನ್ನ ಹಾಗೆಯೇ ಇವೆ. ಮರದ ಮೇಲೆ ಅಳಿಲಿನಂಥದೊಂದು ಪ್ರಾಣಿ ಕಿಚಗುಟ್ಟುವುದು ಅವರಿಬ್ಬರ ಹಳೆಯ ಜಗಳದ ಹಾಗಿದೆ, ಅಂಗಳದ ಹಂದಿಗಳು ಊಟದ ಹೊತ್ತಿಗೆ ಹಾಜರಾಗುವುದು ಅವನು ಬರುತ್ತಿದ್ದ ಹಾಗೆಯೇ. ನಗು ಬರುತ್ತದೆ. ನಗು ಮುಗಿಯುವ ಮೊದಲೇ ಗಿಟಾರಿನ ಕೆಳಗಿನ ಸ್ವರವೊಂದು ನಾವು ನಿರೀಕ್ಷಿಸಿದ ಜಾಗ ಬಿಟ್ಟು ಬೇರೆ ಕಡೆ ಇಳಿಯುತ್ತದೆ, ಹಾಡಿನ ಬಣ್ಣವೇ ಬದಲಾಗುತ್ತದೆ. ಜನಪದ ಗಾಯಕರ ಮೂರು ನಾಲ್ಕು ಸ್ವರಮೇಳಗಳ ಲೆಕ್ಕಕ್ಕೆ ಇದು ಸಿಗುವಂಥದಲ್ಲ. ಜಾಸ್ ಕೇಳಿದ ಕಿವಿ ಅದು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೂ ಅರಗಿಸಿಕೊಂಡ ಕೈ ಅದು. ದನಿಯಲ್ಲಿ ಮಾತ್ರ ಯಾವ ಗಮಕದ ಪ್ರದರ್ಶನವೂ ಇಲ್ಲ. ಎದುರಿಗೆ ಕೂತವರ ಜೊತೆ ಮಾತಾಡುವಷ್ಟೇ ಎತ್ತರ.

ಇನ್ನೊಂದು ಹಾಡು 'ರೋವಿಂಗ್ ವುಮನ್'. ಅಲೆಮಾರಿ ಗಂಡಸಿನ ಮೇಲೆ ಇಂಗ್ಲಿಷಿನಲ್ಲಿ ಜನಪದ ಹಾಡುಗಳಿಗೆ ಬರವಿಲ್ಲ. ಕಾನಿ ಆ ಅಂಗಿಯನ್ನು ಹೆಂಗಸಿಗೆ ತೊಡಿಸಿದಳು. ಇವಳು ಸಲೂನುಗಳಿಗೆ ಹೋಗುತ್ತಾಳೆ, ಇಸ್ಪೀಟು ಆಡುತ್ತಾಳೆ, ಕೊನೆಗೆ ಯಾರೋ ಒಬ್ಬ ಅವಳನ್ನು ಮನೆಗೆ ಮುಟ್ಟಿಸುತ್ತಾನೆ. ಲೋಕ ಇಂಥವಳ ಬಗ್ಗೆ ಏನು ಮಾತಾಡುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು, ಅದನ್ನು ಲೋಕಕ್ಕಿಂತ ಮೊದಲು ಅವಳೇ ನಗುತ್ತ ಹೇಳಿಬಿಡುತ್ತಾಳೆ. 1950ರ ದಶಕದಲ್ಲಿ ಪಾದ್ರಿಯ ಮಗಳೊಬ್ಬಳು ಹೀಗೆ ಬರೆದಳೆಂಬುದು ಸಣ್ಣ ಧೈರ್ಯವಲ್ಲ. ಮತ್ತೆ ಮತ್ತೆ ಕೇಳುವಾಗ ನನಗೆ ಅನ್ನಿಸುವುದು, ಆಕೆ ಯಾರನ್ನೂ ಕೆಣಕಲು ಹೊರಟಿರಲಿಲ್ಲ. ತನಗೆ ಕಂಡ ಹೆಂಗಸನ್ನು ಕಂಡ ಹಾಗೆ ಹಾಡಿದಳು.

ಈ ಹಾಡುಗಳು ನಮಗೆ ಉಳಿದಿರುವುದಕ್ಕೆ ಮುಖ್ಯ ಕಾರಣ ಜೀನ್ ಡೀಚ್. ನಮ್ಮಲ್ಲಿ ಅನೇಕರು ಈತನ ಕೆಲಸವನ್ನು ಹೆಸರು ತಿಳಿಯದೆ ನೋಡಿದ್ದೇವೆ. 1960ರ ದಶಕದ ಶುರುವಿನಲ್ಲಿ ಪ್ರಾಗ್ ನಗರದಲ್ಲಿ ಕೂತು ಹದಿಮೂರು ಟಾಮ್ ಅಂಡ್ ಜೆರ್ರಿ ಚಿತ್ರಗಳನ್ನು ಮಾಡಿದ ವ್ಯಂಗ್ಯಚಿತ್ರಕಾರ ಇವನೇ. ಈತನಿಗೆ ಧ್ವನಿಮುದ್ರಣದ ಹುಚ್ಚು. 1949ರಲ್ಲಿ ಡೆಟ್ರಾಯಿಟ್‌ನಲ್ಲಿ ಬ್ಲೂಸ್ ಗಾಯಕ ಜಾನ್ ಲೀ ಹೂಕರ್ ಹಾಡಿದ್ದನ್ನು ಟೇಪಿಗೆ ಇಳಿಸಿದವನು. 1954ರಲ್ಲಿ ಹಡ್ಸನ್ ನದಿಯ ದಂಡೆಯ ಹೇಸ್ಟಿಂಗ್ಸ್ ಊರಿನ ಡೀಚ್‌ನ ಮನೆಗೆ ಸ್ನೇಹಿತರೊಬ್ಬರು ಕಾನಿಯನ್ನು ಕರೆತಂದರು. ಅಡುಗೆಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಆಕೆಯ ಹಾಡುಗಳನ್ನು ಮುದ್ರಿಸಿಕೊಂಡರು. ಸ್ಟುಡಿಯೊ ಇಲ್ಲ, ವಾದ್ಯವೃಂದ ಇಲ್ಲ, ಮಾರುವ ಯೋಚನೆಯೂ ಇಲ್ಲ.

ಅದೇ ವರ್ಷ ಸಿಬಿಎಸ್ ಟಿವಿಯ 'ದ ಮಾರ್ನಿಂಗ್ ಷೋ' ಕಾರ್ಯಕ್ರಮದಲ್ಲಿ ಕಾನಿ ಹಾಡಿದಳು. ನಿರೂಪಕ ವಾಲ್ಟರ್ ಕ್ರಾಂಕೈಟ್, ಮುಂದೆ ಕೆನಡಿಯ ಸಾವಿನ ಸುದ್ದಿಯನ್ನು ಅಮೆರಿಕಕ್ಕೆ ಓದಿ ಹೇಳಿದವನು. ಆ ಬೆಳಗಿನ ಕೆಲವು ಫೋಟೋಗಳಿವೆ, ಹಾಡು ಉಳಿದಿಲ್ಲ. ಟಿವಿಯಲ್ಲಿ ಬಂದರೂ ಯಾವ ರೆಕಾರ್ಡ್ ಕಂಪನಿಯೂ ಮುಂದೆ ಬರಲಿಲ್ಲ. ಕಾನಿ ಹಾಡು ನಿಲ್ಲಿಸಲೂ ಇಲ್ಲ. ಮನೆಯಲ್ಲೇ ರೆಕಾರ್ಡರ್ ಇಟ್ಟುಕೊಂಡು ತನ್ನ ಹಾಡುಗಳನ್ನು ತಾನೇ ಮುದ್ರಿಸತೊಡಗಿದಳು. 1956ರಲ್ಲಿ 'ಮ್ಯೂಸಿಕ್ಸ್' ಎಂದು ಹೆಸರಿಟ್ಟು ಎರಡು ಭಾಗಗಳ ಸಂಗ್ರಹವನ್ನು ತಮ್ಮ ಫಿಲಿಪ್‌ಗಾಗಿ ಸಿದ್ಧಪಡಿಸಿದಳು. ಒಂದು ಇಡೀ ಆಲ್ಬಂ, ಒಬ್ಬನೇ ಕೇಳುಗನಿಗೆ!

ಇದನ್ನು ಸೋಲು ಎನ್ನುವವರ ಜೊತೆ ನನ್ನ ತಕರಾರಿದೆ. ಕಂಪನಿ ಬಾರದ್ದಕ್ಕೆ ಕಾನಿಗೆ ನೋವಾಗಲಿಲ್ಲ ಎನ್ನುತ್ತಿಲ್ಲ, ಆಗಿಯೇ ಇದ್ದೀತು. ಆದರೆ ಕೇಳುವವರು ಹತ್ತು ಜನ ಎಂದು ಗೊತ್ತಿದ್ದೂ ಒಂದು ಸಾಲನ್ನು ಸಡಿಲ ಬಿಡದೆ ತಿದ್ದಿ, ಬೆರಳಿಗೆ ಕಷ್ಟವಾಗುವ ಸ್ವರಮೇಳವನ್ನೇ ಹುಡುಕಿ ಹಾಡು ಮುಗಿಸುವುದು ಸೋತವರ ಕೆಲಸವಲ್ಲ. ನಮ್ಮ ಮನೆಗಳ ಹೆಂಗಸರು ಗೀಟು ಹಾಕಿದ ನೋಟುಬುಕ್ಕಿನಲ್ಲಿ ಹಾಡು ಬರೆದಿಟ್ಟುಕೊಂಡು, ಮದುವೆ ಮುಂಜಿಯಲ್ಲಿ ಹಾಡಿ, ಮತ್ತೆ ಪೆಟ್ಟಿಗೆಗೆ ಸೇರಿಸಿದ್ದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಅವುಗಳಲ್ಲಿ ಎಷ್ಟು ಹಾಡು ಆ ಮನೆಯ ಹೆಂಗಸರೇ ಕಟ್ಟಿದವು ಎಂದು ನಾವು ಹೊತ್ತಿಗೆ ಸರಿಯಾಗಿ ಕೇಳಲೇ ಇಲ್ಲ.

1950ರ ದಶಕ ಮುಗಿಯುವ ಹೊತ್ತಿಗೆ ಕಾನಿ ಪಿಯಾನೊ ಕಡೆ ಹೊರಳಿದ್ದಳು. ಗ್ರೀಕ್ ಪುರಾಣದ ಕಸಾಂಡ್ರಾಳನ್ನು ಕುರಿತು ಒಂದು ಹಾಡುಮಾಲೆ ಬರೆದಳು. ಕಸಾಂಡ್ರಾಳಿಗೆ ಮುಂದಾಗುವುದೆಲ್ಲ ಕಾಣುತ್ತಿತ್ತು, ಹೇಳಿದರೆ ಒಬ್ಬರೂ ನಂಬುತ್ತಿರಲಿಲ್ಲ. ಕಾನಿ ಆ ಕಥೆಯನ್ನೇ ಏಕೆ ಆರಿಸಿದಳೆಂದು ನಾನಂತೂ ವಿವರಿಸಲು ಹೋಗುವುದಿಲ್ಲ.

1961ರಲ್ಲಿ ಆಕೆ ನ್ಯೂಯಾರ್ಕ್ ಬಿಟ್ಟಳು. ಅದೇ ವರ್ಷದ ಜನವರಿಯಲ್ಲಿ ಹತ್ತೊಂಬತ್ತರ ಹರೆಯದ ಬಾಬ್ ಡಿಲನ್ ಅದೇ ಗ್ರೀನಿಚ್ ವಿಲೇಜಿಗೆ ಬಂದು ಇಳಿದಿದ್ದ. 1962ರಲ್ಲಿ ಬಂದ ಅವನ ಮೊದಲ ರೆಕಾರ್ಡಿನಲ್ಲಿ ಕೂಡ ಅವನದೇ ಎನ್ನುವ ಹಾಡುಗಳು ಎರಡೇ ಎರಡು, ಉಳಿದವೆಲ್ಲ ಪರಂಪರೆಯವು ಅಥವಾ ಬೇರೆಯವರವು. ಸ್ವಂತ ಹಾಡು ಹಾಡುವವರ ಕಾಲ ಶುರುವಾದದ್ದು ಅದರ ಆಚೆಗೆ. ಅಷ್ಟರಲ್ಲಿ ಕಾನಿ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್‌ನಲ್ಲಿದ್ದಳು. ತಮ್ಮ ಫಿಲಿಪ್ ಕಾನ್ವರ್ಸ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ರಾಜಕೀಯಶಾಸ್ತ್ರದ ಪ್ರಾಧ್ಯಾಪಕ, 'ದಿ ಅಮೆರಿಕನ್ ವೋಟರ್' ಎಂಬ ಪ್ರಸಿದ್ಧ ಗ್ರಂಥದ ಲೇಖಕರಲ್ಲಿ ಒಬ್ಬ.

ಆ್ಯನ್ ಆರ್ಬರ್‌ನಲ್ಲಿ ಆಕೆ ಮಾಡಿದ ಕೆಲಸದ ಬಗ್ಗೆ ನನಗೆ ವಿಶೇಷ ಅಕ್ಕರೆ. ಕಾರ್ಯದರ್ಶಿಯಾಗಿ ಶುರು ಮಾಡಿ, 1963ರಲ್ಲಿ 'ಜರ್ನಲ್ ಆಫ್ ಕಾನ್‌ಫ್ಲಿಕ್ಟ್ ರೆಸಲ್ಯೂಷನ್' ಎಂಬ ವಿದ್ವತ್ ಪತ್ರಿಕೆಯ ವ್ಯವಸ್ಥಾಪಕ ಸಂಪಾದಕಿಯಾದಳು. ಯುದ್ಧ ಏಕೆ ಆಗುತ್ತದೆ, ಹೇಗೆ ತಡೆಯಬಹುದು ಎಂಬುದೇ ಆ ಪತ್ರಿಕೆಯ ವಸ್ತು. ವಿಯೆಟ್ನಾಂ ಹೊತ್ತಿ ಉರಿಯುತ್ತಿದ್ದ 1968ರಲ್ಲಿ, ಪತ್ರಿಕೆಯ ಹನ್ನೆರಡು ವರ್ಷಗಳ ಲೇಖನಗಳನ್ನೆಲ್ಲ ಓದಿ ತೂಗಿ ನೋಡಿದ ಸುಮಾರು 60 ಪುಟಗಳ ಸಮೀಕ್ಷೆಯನ್ನು ಬರೆದಳು. ಪದವಿಯೇ ಇಲ್ಲದವಳು ಪ್ರಾಧ್ಯಾಪಕರ ಬರಹಗಳಿಗೆ ಲೆಕ್ಕ ಕೇಳಿದ ಬರಹ ಅದು. ಪತ್ರಿಕೆ ನಡೆಸುವವರೆಲ್ಲ ಒಮ್ಮೆಯಾದರೂ ಹೀಗೆ ತಮ್ಮ ಸಂಚಿಕೆಗಳನ್ನು ಹಿಂತಿರುಗಿ ಓದಬೇಕು. 1972ರ ಕೊನೆಗೆ ಪತ್ರಿಕೆ ಯೇಲ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಕಾನಿಗೆ ಅದರೊಂದಿಗೇ ದಿನದ ಆಧಾರವೂ ಹೋಯಿತು. ಆಗ ಹಾಡು ಕಟ್ಟುವುದೂ ಬಹುಮಟ್ಟಿಗೆ ನಿಂತಿತ್ತು.

1974ರಲ್ಲಿ ಎಲ್ಲವನ್ನೂ ಬಿಟ್ಟು ಹೋಗುವಾಗ ಆಕೆ ತಮ್ಮನ ಮನೆಯಲ್ಲಿ ಒಂದು ಕಡತದ ಕಪಾಟು ಬಿಟ್ಟುಹೋದಳು. ಅದರೊಳಗೆ ಹಾಡುಗಳು, ಟೇಪುಗಳು, ಕಾಗದಪತ್ರಗಳು, ಎಲ್ಲವೂ ಅಚ್ಚುಕಟ್ಟಾಗಿ ವಿಂಗಡಿಸಿ ಜೋಡಿಸಿದಂತೆ. ಮುದ್ರಣಾಲಯ, ಪತ್ರಿಕಾ ಕಚೇರಿ ಎರಡರಲ್ಲೂ ಪಳಗಿದ ಕೈಯ ಕೆಲಸ. ತಮ್ಮ ಅದನ್ನು ದಶಕಗಳ ಕಾಲ ಜೋಪಾನ ಮಾಡಿದ. ಅತ್ತ ಪ್ರಾಗ್‌ನಲ್ಲಿ ಡೀಚ್ ತನ್ನ ಟೇಪುಗಳನ್ನು ಇಟ್ಟುಕೊಂಡಿದ್ದ. 2004ರ ಜನವರಿಯಲ್ಲಿ ನ್ಯೂಯಾರ್ಕಿನ ಡಬ್ಲ್ಯುಎನ್‌ವೈಸಿ ರೇಡಿಯೊ ಈ ವೃದ್ಧನನ್ನು ಕರೆಸಿ ಹಳೆಯ ಮುದ್ರಿಕೆಗಳನ್ನು ಕೇಳಿಸಿದಾಗ ಕಾನಿಯ ಒಂದು ಹಾಡೂ ಹೋಯಿತು. ಡ್ಯಾನ್ ಜೂಲಾ ಎಂಬ ಯುವಕ ಅದನ್ನು ಕೇಳಿಸಿಕೊಂಡ, ಕೇಳಿ ಸುಮ್ಮನಾಗಲಿಲ್ಲ. ಡೇವಿಡ್ ಹರ್ಮನ್ ಎಂಬ ಗೆಳೆಯನ ಜೊತೆ ಸೇರಿ, ಡೀಚ್ ಮತ್ತು ಫಿಲಿಪ್ ಇಬ್ಬರ ಬಳಿಯಿದ್ದ ಟೇಪುಗಳಿಂದ ಹದಿನೇಳು ಹಾಡು ಆರಿಸಿ 2009ರಲ್ಲಿ 'ಹೌ ಸ್ಯಾಡ್, ಹೌ ಲವ್ಲೀ' ಆಲ್ಬಂ ಹೊರತಂದ. ಒಳ್ಳೆಯದು ಹೇಗೋ ಉಳಿದುಕೊಳ್ಳುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಇದು ಉಳಿದದ್ದು ನಾಲ್ಕಾರು ಜನ ಬೇರೆ ಬೇರೆ ಕಾಲದಲ್ಲಿ ಕೆಲಸ ಮಾಡಿದ್ದರಿಂದ, ಎಲ್ಲಕ್ಕಿಂತ ಮೊದಲು ಹಾಡಿದವಳೇ ತನ್ನ ಹಾಡಿಗೆ ಬೆಲೆಯಿದೆ ಎಂದು ತಿಳಿದು ಜೋಡಿಸಿಟ್ಟಿದ್ದರಿಂದ.

2023ರಲ್ಲಿ ಹೊವರ್ಡ್ ಫಿಶ್‌ಮನ್ ಬರೆದ ಜೀವನಚರಿತ್ರೆ ಬಂದ ಮೇಲೆ ಕಾನಿಯ ಹೆಸರು ಇನ್ನಷ್ಟು ಜನರಿಗೆ ಮುಟ್ಟಿದೆ. ಸ್ವತಃ ಸಂಗೀತಗಾರನಾದ ಫಿಶ್‌ಮನ್ ಅದಕ್ಕೂ ಮುಂಚೆ, 2014ರಲ್ಲಿ, ಆಕೆಯ ಪಿಯಾನೊ ಹಾಡುಗಳನ್ನು ಬೇರೆ ಕಲಾವಿದರಿಂದ ಹಾಡಿಸಿ ನುಡಿಸಿ ಒಂದು ಆಲ್ಬಂ ಮಾಡಿಸಿದ್ದಾನೆ. ಅಡುಗೆಮನೆಯ ಮುದ್ರಿಕೆಗಳನ್ನು ಇಷ್ಟಪಟ್ಟವರು ಅದನ್ನೂ ಕೇಳಬೇಕು. ಗಿಟಾರಿನ ಹಾಡುಗಳಿಗಿಂತ ಅವು ಬಿಗಿ, ಒಂದೇ ಸಲಕ್ಕೆ ಒಲಿಯುವುದಿಲ್ಲ. ಮೂವತ್ತು ದಾಟಿದ ಮೇಲೆ, ಯಾವ ಪೇಟೆಯೂ ಕೇಳದೆ ಇರುವಾಗ, ಕೈಗೆ ಚೆನ್ನಾಗಿ ಬಂದಿದ್ದ ಗಿಟಾರನ್ನು ಪಕ್ಕಕ್ಕಿಟ್ಟು ಆಕೆ ಯಾವ ಕಡೆ ಹೊರಟಿದ್ದಳು ಎಂಬುದು ಅಲ್ಲಿ ಕೇಳಿಸುತ್ತದೆ.