ಪಂಜರದೊಳಗಿನ ಅಯಸ್ಕಾಂತ

ಅಯಸ್ಕಾಂತದಲ್ಲಿ ಕಾಂತಗುಣವುಳ್ಳ ಪರಮಾಣುಗಳು ಹೆಚ್ಚಿದಷ್ಟೂ ಅದು ತನ್ನ ಗುಣವನ್ನು ದೃಢವಾಗಿ ಹಿಡಿದಿಟ್ಟುಕೊಳ್ಳುವುದೆಂದು ವಿದ್ಯಾರ್ಥಿಗಳು ಸಹಜವಾಗಿಯೇ ಭಾವಿಸುತ್ತಾರೆ. ಈ ಭಾವನೆಯನ್ನು ಅಲುಗಿಸುವ ಪ್ರಯೋಗವೊಂದುಂಟು. ಅದಕ್ಕೆ ನಮ್ಮ ಕಾಲೇಜು ಪಾಠಗಳಲ್ಲಿ ಸ್ಥಾನ ದೊರೆಯಬೇಕೆಂಬುದು ನನ್ನ ಅಭಿಪ್ರಾಯ.

1985ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದಲ್ಲಿ ಕ್ರೋಟೋ, ಕರ್ಲ್, ಸ್ಮಾಲಿ ಮತ್ತು ಅವರ ವಿದ್ಯಾರ್ಥಿಗಳು, ಇಂಗಾಲದ 60 ಪರಮಾಣುಗಳು ಕಾಲ್ಚೆಂಡಿನಂತೆ ಹೆಣೆದುಕೊಂಡಿರುವ ಫುಲ್ಲರೀನ್ ಅಣುವನ್ನು ಕಂಡುಹಿಡಿದರು. ಚೆಂಡು ಟೊಳ್ಳೆಂದ ಮೇಲೆ ಅದರೊಳಗೆ ಏನನ್ನಾದರೂ ಇಡಬಹುದಲ್ಲವೆ? ಅದೇ ವರ್ಷ ಲ್ಯಾಂಥನಮ್ ಪರಮಾಣು ಅದರೊಳಗೆ ಸೆರೆಸಿಕ್ಕ ಕುರುಹೂ ದೊರೆಯಿತು. ಲೋಹ ಬೆರೆಸಿದ ಗ್ರಾಫೈಟ್ ಸರಳುಗಳ ನಡುವೆ ಹೀಲಿಯಮ್ ಅನಿಲದಲ್ಲಿ ವಿದ್ಯುತ್ ಚಾಪವನ್ನು ಹೊತ್ತಿಸಿ, ಆಗ ಕೂಡುವ ಮಸಿಯಿಂದ ಇಂಥ ಅಣುಗಳನ್ನು ಬೇರ್ಪಡಿಸುತ್ತಾರೆ. ರಾಶಿ ಮಸಿಗೆ ಚಿಟಿಕೆಯಷ್ಟೂ ಫಲವಿಲ್ಲ, ತಾಳ್ಮೆಯ ಕೆಲಸ.

ಇಂಗಾಲದ 80 ಪರಮಾಣುಗಳ ಪಂಜರದಲ್ಲಿ ಒಂದು ನೈಟ್ರೊಜನ್ ಪರಮಾಣುವನ್ನೂ ಅದರ ಸುತ್ತ ತ್ರಿಕೋನಾಕಾರದಲ್ಲಿ ಮೂರು ಲೋಹದ ಪರಮಾಣುಗಳನ್ನೂ ಕೂಡಿಸಬಹುದು. ಈ ಲೋಹಗಳು ತಮ್ಮ ಹೊರಗಿನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತವೆ. ಆಮೇಲೆ ಸ್ಕ್ಯಾಂಡಿಯಮ್ಮಿನಲ್ಲಿ ಜೊತೆಯಿಲ್ಲದ ಎಲೆಕ್ಟ್ರಾನು ಉಳಿಯುವುದಿಲ್ಲ. ಅದು ಬರಿಯ ಸ್ಥಳ ತುಂಬುವ ಲೋಹ. ಡಿಸ್ಪ್ರೋಸಿಯಮ್ಮಿನ ಒಳಕವಚದಲ್ಲಾದರೋ ಅಂಥವು ಐದು ಉಳಿಯುತ್ತವೆ. ಆದಕಾರಣ ಪಂಜರವನ್ನು ಬದಲಿಸದೆಯೇ ಒಳಗಿನ ಅಯಸ್ಕಾಂತಗಳನ್ನು ಒಂದು, ಎರಡು, ಮೂರು ಎಂದು ಏರಿಸುತ್ತ ಹೋಗಬಹುದು.

2012 ಮತ್ತು 2014ರಲ್ಲಿ ಪ್ರಕಟವಾದ ಪರೀಕ್ಷೆಗಳ ಫಲ ಸ್ವಾರಸ್ಯವಾಗಿದೆ. ಡಿಸ್ಪ್ರೋಸಿಯಮ್ ಒಂದೇ ಇದ್ದಾಗ, ಸುಮಾರು 2 ಕೆಲ್ವಿನ್ ಉಷ್ಣತೆಯಲ್ಲಿ, ಒಂದೊಂದು ಅಣುವೂ ತಾನೇ ಅಯಸ್ಕಾಂತವಾಗುತ್ತದೆ. ಆದರೆ ಹೊರಗಿನ ಕಾಂತಕ್ಷೇತ್ರವನ್ನು ತೆಗೆದೊಡನೆ ತನ್ನ ದಿಕ್ಕನ್ನು ಮರೆಯುತ್ತದೆ. ಎರಡಿದ್ದಾಗ ಒಂದನ್ನೊಂದು ಹಿಡಿದು ನಿಲ್ಲಿಸುವುದರಿಂದ ನೆನಪು ಉಳಿಯುತ್ತದೆ. ಮೂರಾದಾಗ ಅದು ಮತ್ತೆ ಅಳಿಸಿಹೋಗುತ್ತದೆ!

ಈ ಅಣುಗಳಲ್ಲಿ ಗ್ರಂಥಭಂಡಾರಗಳನ್ನೇ ಅಡಗಿಸಿಡಬಹುದೆಂದು ಹೇಳುವವರಿದ್ದಾರೆ. ಅಷ್ಟು ಅವಸರ ಸಲ್ಲದು. ದ್ರವ ಹೀಲಿಯಮ್ಮಿನ ಚಳಿಯಲ್ಲಿ ಮಾತ್ರ ನೆನಪಿಡುವ ವಸ್ತುವನ್ನು ಯಾರ ಮೇಜಿನ ಮೇಲೂ ಇಡಲಾಗದು. ಪಂಜರವೇ ಇಲ್ಲದ ಬೇರೊಂದು ಡಿಸ್ಪ್ರೋಸಿಯಮ್ ಸಂಯುಕ್ತವು 80 ಕೆಲ್ವಿನ್‌ವರೆಗೂ ನೆನಪನ್ನು ಉಳಿಸಿಕೊಂಡುದು 2018ರಲ್ಲಿಯೇ ವರದಿಯಾಗಿದೆ. ಸರಕೆಂದು ತೂಗಿದರೆ ನಮ್ಮ ಪಂಜರವು ಸೋಲುತ್ತದೆ. ಆದರೆ ಕಾಂತತ್ವವು ಪರಮಾಣುಗಳ ಸಂಖ್ಯೆಯಿಂದ ಮಾತ್ರವಲ್ಲ, ಅವುಗಳ ಹೊಂದಾಣಿಕೆಯಿಂದಲೂ ನಿರ್ಧಾರವಾಗುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಬೇರೆ ತೋರದು.

ವಿಷಯ ವಿದ್ಯಾರ್ಥಿಗಳಿಗೆ ಕಠಿಣವೆಂದು ಅಧ್ಯಾಪಕರು ಆಕ್ಷೇಪಿಸಬಹುದು. ನಾನು ಒಪ್ಪಲಾರೆ, ಕಾಗದ ಪೆನ್ಸಿಲುಗಳೇ ಸಾಕು. ಒಂದು ತ್ರಿಕೋನವನ್ನು ಬರೆದು ನಡುವೆ ನೈಟ್ರೊಜನ್ ಎಂದು ಗುರುತಿಸಿರಿ. ಪ್ರತಿ ಮೂಲೆಯಲ್ಲಿಯೂ ಒಂದು ಬಾಣವಿರಲಿ. ಅದು ನಡುವಿನ ಕಡೆಗಾದರೂ ಅದಕ್ಕೆ ವಿಮುಖವಾಗಿಯಾದರೂ ನಿಲ್ಲಬೇಕು. ಒಂದು ಒಳಮುಖ, ಇನ್ನೊಂದು ಹೊರಮುಖ ಆಗಿದ್ದರೆ ಆ ಜೋಡಿಗೆ ಸಮಾಧಾನ. ಎರಡೇ ಬಾಣಗಳಿದ್ದರೆ ತೊಡಕಿಲ್ಲ. ಮೂರನ್ನು ಹೇಗಾದರೂ ನಿಲ್ಲಿಸಿ ನೋಡಿರಿ: ಯಾವುದಾದರೊಂದು ಜೋಡಿ ಮುನಿಸಿಕೊಂಡೇ ಇರುತ್ತದೆ. ಒಟ್ಟು 8 ವಿನ್ಯಾಸಗಳಲ್ಲಿ ಎಲ್ಲವೂ ಒಳಮುಖ ಅಥವಾ ಎಲ್ಲವೂ ಹೊರಮುಖವಾದ ಎರಡನ್ನು ಕಳೆದರೆ ಉಳಿದ 6 ಸರಿಸಮಾನ. ಅಣುವು ಈ ಆರರ ನಡುವೆ ಜಾರುತ್ತಿರುವುದರಿಂದಲೇ ಅದಕ್ಕೆ ನೆನಪು ನಿಲ್ಲುವುದಿಲ್ಲ.